ಲಾಗ್‌ಶೀಟ್‌ನ ಮೂರನೇ ಕಾಲಂ

ಸಬ್‌ಸ್ಟೇಷನ್‌ನಲ್ಲಿ ಪಾಳಿ ಮಾಡುವವರಿಗೆ ಬೇಜಾರು ಗಂಟೆಗೊಮ್ಮೆ ಬರುತ್ತದೆ, ರೀಡಿಂಗ್ ಜೊತೆಗೇ. ವೋಲ್ಟೇಜ್, ಆಂಪ್ಸ್, ಓಟಿಐ ಅಂದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ, ಡಬ್ಲ್ಯೂಟಿಐ ಅಂದರೆ ಅದರ ವೈಂಡಿಂಗ್ ಬಿಸಿ, ಇಲ್ಲಿಂದ ಹೊರಡುವ ಎಂಟು ಫೀಡರ್ ಲೈನ್, ಬ್ಯಾಟರಿ. ಕೆಲವು ವರ್ಷ ಕಳೆದರೆ ಕಣ್ಣು ಮೀಟರ್ ನೋಡುವ ಮೊದಲೇ ಕೈ ಬರೆದಿರುತ್ತದೆ. ನಿನ್ನೆ ಈ ಹೊತ್ತಿಗೆ ಓಟಿಐ 58 ಇತ್ತಾ? ಇವತ್ತೂ 58. ಯಾರೂ ಕೇಳಲ್ಲ. ಮೇಲಿನವರಿಗೆ ಬೇಕಿರುವುದು ತುಂಬಿದ ಶೀಟ್.

ಈ ಜಡ್ಡು ಬಿಡಿಸಿಕೊಳ್ಳೋಕೆ ಅಂತ ಸಣ್ಣಪುಟ್ಟದನ್ನು ಬದಲಾಯಿಸುತ್ತಾ ಬಂದೆ. ಮೊದಲು ಯಾರ್ಡ್ ಸುತ್ತುವ ದಿಕ್ಕು. ಎಲ್ಲರೂ ಕಂಟ್ರೋಲ್ ರೂಮಿನಿಂದ ಹೊರಟು ಎಡಕ್ಕೆ ಹೋಗುತ್ತಾರೆ. ನಾನು ಬಲಕ್ಕೆ ತಿರುಗಿದೆ. ಆ ಕಡೆಯಿಂದ ಬಂದರೆ ಟ್ರಾನ್ಸ್‌ಫಾರ್ಮರ್‌ನ ಬ್ರೀದರ್, ಅಂದರೆ ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿ, ನೇರ ಕಣ್ಣಿಗೆ ಬೀಳುತ್ತದೆ. ನೀಲಿ ಇರಬೇಕಾದ ಸಿಲಿಕಾ ಜೆಲ್ ಕೆಳಗಿನಿಂದ ಅರ್ಧಕ್ಕೂ ಜಾಸ್ತಿ ಗುಲಾಬಿಯಾಗಿತ್ತು. ಲಾಗ್‌ನಲ್ಲಿ ನೋಡಿದರೆ ಮೂರೂ ಪಾಳಿಯವರು ‘ನೀಲಿ’ ಅಂತಲೇ ಬರೆದಿದ್ದೇವೆ. ಹೊಸದಕ್ಕೆ ಇಂಡೆಂಟ್ ಹಾಕಿ, ಅದು ಬರೋವರೆಗೆ ಇದ್ದುದನ್ನೇ ಹಳೇ ಬಾಣಲೆಯಲ್ಲಿ ಕಡ್ಲೆಕಾಯಿ ಹುರಿದ ಹಾಗೆ ಹುರಿದೆವು. ತೇವ ಹೋಗಿ ಮತ್ತೆ ನೀಲಿ ತಿರುಗಿತು.

ಆಮೇಲೆ ರಾತ್ರಿ ರೌಂಡ್. ಐಪಿಗೆ, ಅಂದರೆ ರೈತರ ನೀರಾವರಿ ಪಂಪ್‌ಸೆಟ್‌ಗಳಿಗೆ, ತ್ರೀ ಫೇಸ್ ಕೊಟ್ಟು ಲೋಡ್ ಇರುವಾಗ ಯಾರ್ಡ್ ಲೈಟ್ ಆರಿಸಿ, ಕತ್ತಲೆಗೆ ಕಣ್ಣು ಹೊಂದುವ ತನಕ ಬಾಗಿಲಲ್ಲೇ ನಿಂತು, ತಲೆಯೆತ್ತಿ ನೋಡುವುದು. ಸಡಿಲವಾಗಿ ಕಾದ ಕ್ಲ್ಯಾಂಪ್ ಕೆಂಡದ ಬಣ್ಣ ತೋರಿಸುತ್ತದೆ. ಇದೇನೂ ನನ್ನ ಬುದ್ಧಿಯಲ್ಲ, ಹಳೇ ಆಪರೇಟರ್‌ಗಳ ಪದ್ಧತಿ. ಥರ್ಮಲ್ ಕ್ಯಾಮೆರಾ ಬಂದಿದೆ ಅಂತ ಈಗ ಬಿಟ್ಟಿದ್ದಾರೆ. ಆ ಕ್ಯಾಮೆರಾ ನಮ್ಮ ಸ್ಟೇಷನ್ ಕಡೆ ಬರೋದು ಯಾವಾಗಲೋ ಒಮ್ಮೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಪ್ರಿಂಟ್ ಆದ ಲಾಗ್‌ಶೀಟ್ ಖಾಲಿಯಾಗಿತ್ತು. ಸ್ಟೇಷನರಿ ಬರಲಿಲ್ಲ, ಕೈಯಲ್ಲೇ ಗೆರೆ ಎಳೀಬೇಕು. ಹೇಗೂ ಎಳೆಯೋನು ನಾನೇ ಅಲ್ವಾ? ಎಫ್-1ರಿಂದ ಎಫ್-8 ಅಂತ ಅದೇ ಸಾಲು ಯಾಕೆ? ಐಪಿ ಫೀಡರ್‌ಗಳನ್ನೆಲ್ಲ ಮೊದಲು ಹಾಕಿ, ಊರಿನವನ್ನು ಕೊನೆಗೆ ತಳ್ಳಿದೆ. ಕೂಡೋಕೆ ಸಲೀಸು, ನೋಡೋಕೂ ಚೆಂದ. ಮೂರನೇ ಕಾಲಮ್ಮಿಗೆ ಎಫ್-6 ಬಂತು.

ಮಾರ್ಚ್ ಮಧ್ಯಾಹ್ನ, ಎರಡು ಗಂಟೆ. ಚಾರ್ಜ್ ಕೊಟ್ಟು ಊಟದ ಡಬ್ಬಿ ತೊಳೀತಿದ್ದೆ. ಡಬ್ಲ್ಯೂಟಿಐ ಅಲಾರಂ ಹೊಡೆಯಿತು. ನಮ್ಮದು 66/11 ಕೆವಿ, 12.5 ಎಂವಿಎ ಟ್ರಾನ್ಸ್‌ಫಾರ್ಮರ್. 11 ಕೆವಿ ಕಡೆ ಫುಲ್ ಲೋಡ್ 656 ಆಂಪ್ಸ್. ಮೀಟರ್ 690 ತೋರಿಸುತ್ತಿತ್ತು. ‘ಜಾಸ್ತಿ ಲೋಡ್ ಇರೋ ಐಪಿ ತೆಗೀರಿ’ ಅಂತ ಫೋನ್ ಬಂತು. ನನ್ನ ರಿಲೀವರ್ ರಿಟೈರ್‌ಮೆಂಟ್ ಹತ್ತಿರ ಇರುವ ಹಿರಿಯರು. ಒಂದು ಗಂಟೆಯ ಸಾಲಿನ ಮೇಲೆ ಬೆರಳಾಡಿಸಿದರು. ಮೂರನೇ ಕಾಲಂ, 160. ಸೀದಾ ಮೂರನೇ ಪ್ಯಾನೆಲ್‌ಗೆ ಹೋಗಿ ಬ್ರೇಕರ್ ತೆಗೆದು ಹಾಕುವ ಟಿಎನ್‌ಸಿ ಸ್ವಿಚ್ ತಿರುಗಿಸಿದರು. ಬ್ರೇಕರ್ ಢಬ್ ಅಂತು.

ಮೀಟರ್ 655ಕ್ಕೆ ಬಂದು ನಿಂತಿತು.

160 ತೆಗೆದರೆ 530 ಆಗಬೇಕು. ಬಜರ್ ಕಿರುಚುತ್ತಲೇ ಇದೆ. ಮುಳ್ಳು ಅಂಟಿಕೊಂಡಿದೆ ಅಂತ ನಾನು ಒದ್ದೆ ಕೈಯಲ್ಲೇ ಮೀಟರ್ ಗಾಜು ತಟ್ಟಿದೆ. ಮತ್ತೆ ತಟ್ಟಿದೆ. ಮೀಟರ್‌ಗೆ ಕರೆಂಟ್ ಅಳತೆ ಕೊಡುವ ಸಿ.ಟಿ. ಸರ್ಕ್ಯೂಟ್ ಏನೋ ಕೈಕೊಟ್ಟಿದೆ ಅಂತ ಅವರಿಗೆ ಪಾಠ ಬೇರೆ ಮಾಡಿದೆ. ಅಷ್ಟರಲ್ಲಿ ಫೋನ್. ವಾಟರ್ ವರ್ಕ್ಸ್‌ನವರು. ‘ಏನ್ ಸಾರ್, ಪಂಪೆಲ್ಲಾ ನಿಂತೋಯ್ತು?’

‘ಅಣ್ಣಾ, ನೀವು ತೆಗೆದಿದ್ದು ಎಫ್-3.’

‘ಮೂರನೇ ಕಾಲಂ ಎಫ್-3 ಅಲ್ವೇನೋ?’

ತಕ್ಷಣ ಎಫ್-3 ಹಾಕೋ ಹಾಗೂ ಇಲ್ಲ, ಮತ್ತೆ 690ಕ್ಕೆ ಹೋಗುತ್ತದೆ. ಮೊದಲು ಎಫ್-6 ತೆಗೆದು, ಆಮೇಲೆ ಎಫ್-3 ಚಾರ್ಜ್ ಮಾಡಿದೆವು. ಲೋಡ್ 530ಕ್ಕೆ ಇಳಿದರೂ ವೈಂಡಿಂಗ್ ಬಿಸಿ ಇಳಿಯೋದು ನಿಧಾನ. ಆ ಬಜರ್ ಕೇಳಿಸಿಕೊಂಡು ಸುಮ್ನೆ ನಿಲ್ಲೋದಿದೆಯಲ್ಲ, ಅದು ಬೇಡ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

‘ಹೆಡ್ಡಿಂಗ್ ಓದಬೇಕಿತ್ತು’ ಅಂತ ಆಮೇಲೆ ವಾದ ಮಾಡಿದೆ. ಗಂಟೆಗೊಮ್ಮೆ ಹೆಡ್ಡಿಂಗ್ ಓದುವ ಆಪರೇಟರ್ ಎಲ್ಲಿದ್ದಾನೆ? ಯಾರ್ಡ್ ಯಾವ ಕಡೆಯಿಂದ ಸುತ್ತಿದರೂ ಕಾಲು ನನ್ನದು, ಕಣ್ಣು ನನ್ನದು. ಶೀಟ್ ಮೂರು ಪಾಳಿಯವರದು. ನನಗೆ ಬೇಜಾರಾಯಿತು ಅಂತ ಅವರ ಕೈಯ ರೂಢಿ ಕೆಡಿಸೋದು ಬೇಕಿರಲಿಲ್ಲ. ಮರುದಿನವೇ ಹಳೇ ಸಾಲಿನಲ್ಲಿ ಗೆರೆ ಎಳೆದೆ.

ನೋಟಿಸ್ ಇಬ್ಬರಿಗೂ ಬಂತು, ಅದಕ್ಕೆ ಯಾವ ಇಂಡೆಂಟೂ ಬೇಕಾಗಲಿಲ್ಲ. ಪ್ಯಾನೆಲ್ ಮೇಲಿನ ಫೀಡರ್ ಹೆಸರು ಮಾಸಿ ಹೋಗಿದ್ದು ಮಾತ್ರ ಅದರಲ್ಲಿ ಇರಲಿಲ್ಲ. ಕೊನೆಗೆ ನಾವೇ ಪೇಂಟ್ ತಂದು ದಪ್ಪ ಅಕ್ಷರದಲ್ಲಿ ಬರೆದೆವು. ಬಿಲ್ ಕಳಿಸಿದರೆ ಜಿಎಸ್‌ಟಿ ನಂಬರ್ ಇಲ್ಲ ಅಂತ ವಾಪಸ್ ಬಂತು.