ಸಂತೆಯ ದಿನದ ಗುಳಿಗೆ

ವಾರ್ಡಿಗೆ ಹೊಸ ರೋಗಿ ಬಂದರೆ ನಾನು ಮೊದಲು ಕೇಳುವುದು ಮನೆಯಿಂದ ತಂದ ಔಷಧದ ಚೀಲವನ್ನು. ಕೇಸ್ ಶೀಟ್ ಓದುವುದು ಆಮೇಲೆ. ರಾಯಚೂರಿನ ನಮ್ಮ ಆಸ್ಪತ್ರೆಗೆ ಮಾನ್ವಿ, ಸಿಂಧನೂರು, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬರುವವರ ಬಳಿ ಅಂಥದೊಂದು ಚೀಲ ಇದ್ದೇ ಇರುತ್ತದೆ. ಬಟ್ಟೆ ಅಂಗಡಿಯ ಹಳೆಯ ಕವರ್, ಅದರೊಳಗೆ ಅರ್ಧ ಖಾಲಿಯಾದ ಸ್ಟ್ರಿಪ್‌ಗಳು, ಮುಚ್ಚಳ ಅಂಟಿಕೊಂಡ ಟಾನಿಕ್ ಬಾಟಲಿ, ಮಡಚಿ ಮಡಚಿ ಹರಿದ ಚೀಟಿಗಳು. ಮೂವರು ವೈದ್ಯರ ಮೂರು ಬಗೆಯ ಬರಹ. ರೋಗಿ ಆಸ್ಪತ್ರೆಗೆ ಬರುವ ಮೊದಲಿನ ತಿಂಗಳುಗಳ ಕಥೆಯೆಲ್ಲ ಅದರಲ್ಲಿರುತ್ತದೆ. ಅದನ್ನು ಬಿಚ್ಚಿ ನೋಡುವವರು ಇರಬೇಕು, ಅಷ್ಟೇ.

ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಮಂಚದ ಪಕ್ಕ ನಿಂತು ಮಾತ್ರೆಗಳ ಬಗ್ಗೆ ಕೇಳತೊಡಗಿದರೆ ರೋಗಿಯ ಕಡೆಯವರು ಔಷಧದ ಬಿಲ್ ವಸೂಲಿಗೆ ಬಂದಿದ್ದೇನೆಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಔಷಧದವರು ಎಂದರೆ ಕೌಂಟರಿನ ಹಿಂದೆ ನಿಲ್ಲುವವರು ಎಂದೇ ನಮ್ಮ ಕಡೆ ರೂಢಿ. ಭಾರತೀಯ ಫಾರ್ಮಸಿ ಪರಿಷತ್ತು ಆರು ವರ್ಷಗಳ ಫಾರ್ಮ್‌.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ತಂದದ್ದೇ 2008ರಲ್ಲಿ. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಹಾಗೆ ಓದಿ ಬಂದವರು ಜಿಲ್ಲಾ ಕೇಂದ್ರಗಳ ವಾರ್ಡುಗಳಲ್ಲಿ ಇನ್ನೂ ವಿರಳ. ವೈದ್ಯರು ರೋಗವನ್ನು ಗುರುತಿಸಿ ಔಷಧ ಬರೆಯುತ್ತಾರೆ, ಸಿಸ್ಟರ್‌ಗಳು ಅದನ್ನು ಕೊಡುತ್ತಾರೆ. ಬರೆದದ್ದು ಈ ರೋಗಿಯ ಮೂತ್ರಪಿಂಡಕ್ಕೆ ತಕ್ಕ ಪ್ರಮಾಣವೇ, ಮನೆಯಲ್ಲಿ ನುಂಗುತ್ತಿದ್ದುದಕ್ಕೂ ಇದಕ್ಕೂ ಹೊಂದುತ್ತದೆಯೇ, ಬಂದಿರುವ ಕಾಯಿಲೆಗೆ ಔಷಧವೇ ಕಾರಣವಾಗಿರಬಹುದೇ ಎಂದು ಕೇಳುವುದು ನನ್ನ ಕೆಲಸ.

ಮಾಮೂಲು ಬೆಳಗ್ಗೆಯೊಂದರಲ್ಲಿ ಇದು ಸಣ್ಣ ಸಣ್ಣ ಸಂಗತಿಗಳಲ್ಲೇ ಕಳೆದುಹೋಗುತ್ತದೆ. ಮೂಗಿನ ನಳಿಕೆಯ ಮೂಲಕ ಆಹಾರ ಹೋಗುತ್ತಿರುವವರಿಗೆ ನಿಧಾನವಾಗಿ ಕರಗಬೇಕಾದ ಬಿ.ಪಿ. ಮಾತ್ರೆಯನ್ನು ಪುಡಿ ಮಾಡಿ ಹಾಕುತ್ತಿದ್ದರೆ ತಡೆಯುತ್ತೇನೆ. ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಿ ಒತ್ತಡ ಕುಸಿದೀತು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುತ್ತಿರುವವರಿಗೆ ಭೇದಿಗೆಂದು ಮೆಟ್ರೊನಿಡಜೋಲ್ ಶುರುವಾಗಿದ್ದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಬೇಗ ಮಾಡಿಸಲು ಹೇಳುತ್ತೇನೆ. ಹೆಚ್ಚಿನವು ಯಾರ ಗಮನಕ್ಕೂ ಬಾರದೆ ಮುಗಿಯುತ್ತವೆ. ಹಾಗೆ ಮುಗಿಯಬೇಕು ಎಂಬುದೇ ನನ್ನ ಆಸೆ.

ಕಳೆದ ಆಗಸ್ಟಿನ ಒಂದು ದಿನ ಮಾತ್ರ ಹಾಗೆ ಮುಗಿಯಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಮಾನ್ವಿ ಸೀಮೆಯಲ್ಲಿ ಭತ್ತದ ನಾಟಿ ನಡೆಯುತ್ತಿದ್ದ ಸಮಯ. ಡೆಂಗ್ಯೂ ಕೂಡ ಜೋರಾಗಿತ್ತು. ಹೆಂಗಸರ ವಾರ್ಡಿನಲ್ಲಿ ಸೊಳ್ಳೆಪರದೆ ಕಟ್ಟದ ಮಂಚವಿರಲಿಲ್ಲ. ಹಿಂದಿನ ರಾತ್ರಿ ಹಳ್ಳಿಯೊಂದರಿಂದ ಅರವತ್ಮೂರು ವರ್ಷದ ಅಮ್ಮ ಒಬ್ಬರು ದಾಖಲಾಗಿದ್ದರು. ಮೂರು ದಿನದ ಜ್ವರ, ಸುಸ್ತು, ಊಟ ಸೇರುತ್ತಿಲ್ಲ. ಪ್ಲೇಟ್‌ಲೆಟ್ 32 ಸಾವಿರ, ಬಿಳಿ ರಕ್ತಕಣ 1,300, ಹಿಮೋಗ್ಲೋಬಿನ್ 7.6. ಡೆಂಗ್ಯೂ ಪರೀಕ್ಷೆ ನೆಗೆಟಿವ್ ಬಂದಿತ್ತಾದರೂ ಒಂದು ಪರೀಕ್ಷೆಯನ್ನು ನಂಬಿ ಕೂರುವಂತಿರಲಿಲ್ಲ, ಇನ್ನೊಮ್ಮೆ ಕಳಿಸಿದ್ದರು. ಆ ತಿಂಗಳು ಆ ಸಂಖ್ಯೆಗಳನ್ನು ನೋಡಿದ ಯಾರಿಗಾದರೂ ಡೆಂಗ್ಯೂ ಎಂದೇ ಅನಿಸುತ್ತಿತ್ತು. ಹಿಮೋಗ್ಲೋಬಿನ್ ಕಡಿಮೆ ಇದ್ದುದರಲ್ಲೂ ವಿಶೇಷವಿರಲಿಲ್ಲ. ನಮ್ಮ ಭಾಗದ ಹೊಲಗೆಲಸದ ಹೆಂಗಸರಲ್ಲಿ ರಕ್ತಹೀನತೆ ಇಲ್ಲದವರೇ ಅಪರೂಪ.

ಕೇಸ್ ಶೀಟಿನ ಹಳೆಯ ಕಾಯಿಲೆಗಳ ಜಾಗದಲ್ಲಿ ಒಂದೇ ಸಾಲು ಇತ್ತು: ಕೀಲುನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಯಾವ ಮಾತ್ರೆ ಎಂದು ಬರೆದಿರಲಿಲ್ಲ.

ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ತುಟಿ ಒಡೆದು, ನಾಲಿಗೆಯ ಅಂಚಿನಲ್ಲೂ ಕೆನ್ನೆಯ ಒಳಗೂ ಬಿಳಿ ಪೊರೆ ಕಟ್ಟಿದ ಹುಣ್ಣುಗಳಾಗಿದ್ದವು. ಸೊಸೆ ಪಕ್ಕದಲ್ಲಿ ಕುಳಿತು ಚಮಚದಲ್ಲಿ ಗಂಜಿ ಕುಡಿಸಲು ನೋಡುತ್ತಿದ್ದಳು. "ಖಾರ ಹೆಚ್ಚಾಗಿ ಬಾಯಿ ಹುಣ್ಣಾಗಿದೆ ಎಂದುಕೊಂಡಿದ್ದೆವು ಅಕ್ಕಾ. ಜ್ವರ ಬರುವುದಕ್ಕೆ ಮೊದಲೇ ರೊಟ್ಟಿ ತಿನ್ನುವುದನ್ನು ಬಿಟ್ಟಿದ್ದರು" ಎಂದಳು. ಜ್ವರಕ್ಕಿಂತ ಹುಣ್ಣು ಮೊದಲು. ಅದು ನನ್ನ ತಲೆಯಲ್ಲಿ ಕೂತಿತು. ಚೀಲ ಕೇಳಿದೆ.

ಮಂಚದ ಕೆಳಗಿನಿಂದ ತೆಗೆದುಕೊಟ್ಟದ್ದು ಸ್ಟೀಲಿನ ಸಣ್ಣ ಡಬ್ಬಿ. ಹಾಳೆಯ ಮೇಲೆ ಎಲ್ಲವನ್ನೂ ಹರಡಿದೆ. ನೋವಿನ ಗುಳಿಗೆ ಡೈಕ್ಲೋಫೆನಾಕ್, ಗ್ಯಾಸ್ಟ್ರಿಕ್‌ನದೊಂದು, ಕ್ಯಾಲ್ಸಿಯಂ. ಅವುಗಳ ಜೊತೆ ಹಳದಿ ಗುಳಿಗೆಗಳ ಎರಡು ಬಗೆಯ ಸ್ಟ್ರಿಪ್. ಒಂದು ಫೋಲಿಕ್ ಆಮ್ಲ. ಇನ್ನೊಂದು ಮೆಥೊಟ್ರೆಕ್ಸೇಟ್, 10 ಮಿಲಿಗ್ರಾಂ. ಎರಡೂ ಸಣ್ಣವು, ಎರಡೂ ಹಳದಿ. ಫೋಲಿಕ್ ಆಮ್ಲದಲ್ಲಿ ಎರಡು ಗುಳಿಗೆ ಮಾತ್ರ ಖರ್ಚಾಗಿದ್ದವು. ಮೆಥೊಟ್ರೆಕ್ಸೇಟ್‌ನ ಹತ್ತು ಗುಳಿಗೆಗಳ ಒಂದು ಸ್ಟ್ರಿಪ್ ಪೂರ್ತಿ ಖಾಲಿ. ಎರಡನೆಯದರಲ್ಲಿ ಮೂರು ಗುಂಡಿಗಳ ಬೆಳ್ಳಿ ಕಾಗದ ಹರಿದಿತ್ತು.

ಈ ಔಷಧದ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಚ್ಚು ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಚಿಕಿತ್ಸೆಗೆ ಬಳಕೆಯಾಗುತ್ತದೆ. ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಟ್ಟರೆ, ಸಂಧಿವಾತಕ್ಕೆ ಅದರಷ್ಟು ಒಳ್ಳೆಯ ಔಷಧಗಳು ಕಡಿಮೆ. ಬೆರಳು ಮಡಚಲಾಗದೆ ಬಂದವರು ಅದರಿಂದ ರೊಟ್ಟಿ ಬಡಿಯುವಂತಾದುದನ್ನು ಕಂಡಿದ್ದೇನೆ. ಜೀವಕೋಶಗಳು ಹೊಸದಾಗಿ ಹುಟ್ಟಲು ಬೇಕಾದ ಫೋಲೇಟ್ ಬಳಕೆಯನ್ನು ಅದು ತಡೆಯುತ್ತದೆ. ಅದಕ್ಕೇ ಜೊತೆಯಲ್ಲಿ ಫೋಲಿಕ್ ಆಮ್ಲವನ್ನೂ ಬರೆಯುತ್ತಾರೆ. ವಾರಕ್ಕೊಮ್ಮೆಯದು ದಿನಾ ಹೊಟ್ಟೆಗೆ ಹೋದರೆ ಮೊದಲು ಪೆಟ್ಟು ಬೀಳುವುದು ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ: ಬಾಯಿಯ ಪೊರೆ, ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ. ಹುಣ್ಣು, ಇಳಿದ ಬಿಳಿಕಣ, ಇಳಿದ ಪ್ಲೇಟ್‌ಲೆಟ್, ಇಳಿದ ಹಿಮೋಗ್ಲೋಬಿನ್. ನನ್ನ ಮುಂದೆ ಅಷ್ಟೂ ಇದ್ದವು.

"ದಿನಾ ಸರಿಯಾಗಿ ತೆಗೆದುಕೊಳ್ಳುತ್ತೀರಾ" ಎಂದು ನಾನು ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಹೌದು ಎನ್ನುತ್ತಾರೆ. "ಅಮ್ಮ, ಆಸ್ಪತ್ರೆಗೆ ಬರುವ ಹಿಂದಿನ ದಿನ ಯಾವ ಯಾವ ಗುಳಿಗೆ ನುಂಗಿದಿರಿ, ತೋರಿಸಿ" ಎಂದೆ. ಅವರು ನಡುಗುವ ಬೆರಳಿನಿಂದ ಮೆಥೊಟ್ರೆಕ್ಸೇಟ್ ಸ್ಟ್ರಿಪ್ ಮುಟ್ಟಿದರು. "ಅದರ ಹಿಂದಿನ ದಿನ?" ಮತ್ತೆ ಅದನ್ನೇ. ಕಷ್ಟಪಟ್ಟು ಬಾಯಿ ತೆರೆದು, "ಒಂದು ದಿನವೂ ತಪ್ಪಿಸಿಲ್ಲ ನೋಡವ್ವ. ನಾಟಿಗೆ ಹೋಗುವಷ್ಟರಲ್ಲಿ ಕೈ ಹಗುರಾಗಬೇಕಿತ್ತು" ಎಂದರು. ಫೋಲಿಕ್ ಆಮ್ಲವನ್ನು ವಾರಕ್ಕೊಮ್ಮೆ ನುಂಗಿದ್ದರು.

ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ 1.9 ಇತ್ತು. ತೂಕ 44 ಕಿಲೋ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡದ ಶೋಧನೆ ನಿಮಿಷಕ್ಕೆ ಸುಮಾರು 21 ಮಿಲಿಲೀಟರ್. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ಬಹುಪಾಲು ಮೂತ್ರಪಿಂಡದಿಂದಲೇ. ಅಲ್ಲೇ ದಾರಿ ಕಟ್ಟಿಕೊಂಡಿತ್ತು. ಡೈಕ್ಲೋಫೆನಾಕ್ ಅದನ್ನು ಇನ್ನಷ್ಟು ಬಿಗಿ ಮಾಡಿತ್ತು. ರಾತ್ರಿ ಶುರುವಾಗಿದ್ದ ಆಂಟಿಬಯಾಟಿಕ್ ಪಿಪೆರಾಸಿಲಿನ್ ಮತ್ತು ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್ ಎರಡೂ ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ನಿಧಾನಗೊಳಿಸಬಲ್ಲವು. ಬರೆದವರಿಗೆ ಒಳಗೆ ಆ ಔಷಧವಿದೆ ಎಂದು ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ.

ರೌಂಡ್ಸ್ ಆಗ ಪಕ್ಕದ ವಾರ್ಡಿನಲ್ಲಿತ್ತು. ಎರಡು ಸ್ಟ್ರಿಪ್‌ಗಳನ್ನೂ ಹಿಡಿದುಕೊಂಡು ಹೋಗಿ ಹಿರಿಯ ವೈದ್ಯರಿಗೆ ಹೇಳಿದೆ: "ಸರ್, ಆ ಅಮ್ಮನಿಗೆ ಮೆಥೊಟ್ರೆಕ್ಸೇಟ್ ದಿನಾ ಹೋಗಿದೆ. ಹದಿಮೂರು ದಿನ." ಅವರು ಬರೆಯುತ್ತಿದ್ದ ಪೆನ್ನನ್ನು ಜೇಬಿಗೆ ಹಾಕಿ ನನ್ನ ಹಿಂದೆಯೇ ಬಂದರು. ಟಾರ್ಚ್ ಹಿಡಿದು ಬಾಯಿ ನೋಡಿದರು, ಖಾಲಿ ಗುಂಡಿಗಳನ್ನು ತಾವೇ ಎಣಿಸಿದರು. "ಫೋಲಿನಿಕ್ ಆಮ್ಲ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ?" ಎಂದು ಕೇಳಿದರು. ಮೆಥೊಟ್ರೆಕ್ಸೇಟ್ ಮಿತಿಮೀರಿದಾಗ ಕೊಡುವ ಮದ್ದು ಅದು. ವಾರ್ಡಿನಲ್ಲಿ ಫಾರ್ಮಸಿಸ್ಟ್ ಏಕಿರಬೇಕು ಎಂದು ಯಾರಾದರೂ ಕೇಳಿದಾಗಲೆಲ್ಲ ಆ ಪ್ರಶ್ನೆಯೇ ನನಗೆ ನೆನಪಾಗುತ್ತದೆ. ಅಲ್ಲಿಂದಾಚೆ ಯಾರ ಕೆಲಸ ಏನೆಂಬುದರಲ್ಲಿ ಗೊಂದಲವಿರಲಿಲ್ಲ.

ನಮ್ಮ ಔಷಧ ಭಂಡಾರದಲ್ಲಿ ಫೋಲಿನಿಕ್ ಆಮ್ಲ ಇರಲಿಲ್ಲ. ಕಿರಿಯ ವೈದ್ಯರೊಬ್ಬರು, "ಫೋಲಿಕ್ ಆಮ್ಲದ ಮಾತ್ರೆ ಇದೆಯಲ್ಲ, ಸದ್ಯಕ್ಕೆ ಅದನ್ನೇ ಕೊಟ್ಟರಾಗದೇ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಫೋಲಿಕ್ ಆಮ್ಲ ದೇಹದೊಳಗೆ ಕೆಲಸಕ್ಕೆ ಬರಬೇಕಾದರೆ ಒಂದು ಕಿಣ್ವ ಅದನ್ನು ಬದಲಿಸಿಕೊಡಬೇಕು. ಮೆಥೊಟ್ರೆಕ್ಸೇಟ್ ಹಿಡಿದು ನಿಲ್ಲಿಸಿರುವುದು ಆ ಕಿಣ್ವವನ್ನೇ. ಮುಂಬಾಗಿಲಿಗೆ ಬೀಗ ಬಿದ್ದಿರುವಾಗ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುವಂತೆ ಫೋಲಿನಿಕ್ ಆಮ್ಲ ಆ ಹಂತವನ್ನು ದಾಟಿಕೊಂಡು ಹೋಗುತ್ತದೆ. ಹಾಗಾಗಿ ಮಾತ್ರೆಯಿಂದ ಆಗುವ ಕೆಲಸವಾಗಿರಲಿಲ್ಲ. ಕ್ಯಾನ್ಸರ್ ಔಷಧ ತರಿಸುವ ವಿತರಕರೊಬ್ಬರಿಗೆ ಭಂಡಾರದ ಅಣ್ಣ ಫೋನ್ ಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಇಂಜೆಕ್ಷನ್ ಬಂತು. 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ರಕ್ತನಾಳಕ್ಕೆ. ಡಾಕ್ಟರ್ ಆಂಟಿಬಯಾಟಿಕ್ ಬದಲಿಸಿದರು. ಅದರ ಪ್ರಮಾಣವನ್ನು ಮೂತ್ರಪಿಂಡದ ಲೆಕ್ಕಕ್ಕೆ ಹೊಂದಿಸಿಕೊಟ್ಟೆ. ನೋವಿನ ಗುಳಿಗೆ, ಗ್ಯಾಸ್ಟ್ರಿಕ್ ಗುಳಿಗೆ ನಿಂತವು. ಸಲಾಯಿನ್ ಏರಿತು.

ಸಂಜೆ ಸೊಸೆ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅಳುತ್ತಿದ್ದಳು. ದಿನಾ ರಾತ್ರಿ ಗುಳಿಗೆ ಬಿಡಿಸಿ ಕೈಗೆ ಕೊಡುತ್ತಿದ್ದವಳು ಅವಳೇ. ಅವಳಿಗೆ ಓದಲು ಬರುವುದಿಲ್ಲ. ಒಂದು ದಿನಾ, ಇನ್ನೊಂದು ವಾರಕ್ಕೊಮ್ಮೆ ಎಂದು ಅಂಗಡಿಯಲ್ಲಿ ಹೇಳಿದ್ದು ನೆನಪಿತ್ತು. ಲಕೋಟೆಯಿಂದ ತೆಗೆದು ಡಬ್ಬಿಗೆ ಹಾಕುವಾಗ ಯಾವುದು ಯಾವುದೆಂದು ಅದಲುಬದಲಾಗಿತ್ತು. "ನಿನ್ನಿಂದ ಆದದ್ದಲ್ಲ ತಂಗಿ" ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು, ಆದರೆ ಇಂಗ್ಲಿಷಿನಲ್ಲಿ, ಯಾವ ದಿನ ಎಂದಿಲ್ಲದೆ. ತಿಂಗಳಿಗೆ ನಾಲ್ಕು ಗುಳಿಗೆ ಸಾಕಾಗುವ ಕಡೆ ಪೂರ್ತಿ ಸ್ಟ್ರಿಪ್ ಕೊಡಲಾಗಿತ್ತು. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಎರಡನೆಯ ಸ್ಟ್ರಿಪ್. ಎರಡು ತಿಂಗಳಿಗೂ ಹೆಚ್ಚು ಬರಬೇಕಾದ ಔಷಧ ಹತ್ತು ದಿನದಲ್ಲಿ ಮುಗಿದಿದೆ ಎಂದು ಒಬ್ಬರು ಬಂದು ನಿಂತಾಗ, ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಕೇಳಿದ್ದರೆ ಸಾಕಿತ್ತು. ಓದುಬಾರದ ಒಬ್ಬ ಹೆಣ್ಣುಮಗಳ ನೆನಪಿನ ಮೇಲೆ ಇಷ್ಟು ಭಾರ ಹೊರಿಸಿ, ಕೊನೆಗೆ ಅವಳನ್ನೇ ದೂರುವುದು ಅನ್ಯಾಯ.

ಕಣ್ಣೊರೆಸಿಕೊಂಡು ಅವಳು ಹೇಳಿದಳು: "ಸಂತೆಯ ದಿನ ಕೊಡು ಎಂದಿದ್ದರೆ ನಾನು ಯಾಕೆ ಮರೆಯುತ್ತಿದ್ದೆ ಅಕ್ಕಾ?"

ಎರಡು ದಿನ ರಕ್ತಕಣಗಳು ಇನ್ನೂ ಇಳಿದವು. ಬಿಳಿಕಣ 900ಕ್ಕೆ ಬಂದ ದಿನ ವಾರ್ಡಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಪ್ಲೇಟ್‌ಲೆಟ್ ಕೊಡಬೇಕಾಯಿತು, ಮಜ್ಜೆಯನ್ನು ಚುರುಕುಗೊಳಿಸುವ ಇಂಜೆಕ್ಷನ್ನೂ ಬೇಕಾಯಿತು. ಡೆಂಗ್ಯೂ ಎರಡನೆಯ ಬಾರಿಯೂ ನೆಗೆಟಿವ್ ಬಂತು. ವಾರ ಕಳೆಯುವಷ್ಟರಲ್ಲಿ ಸಂಖ್ಯೆಗಳು ಏರಿದವು, ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು, ಹುಣ್ಣು ಒಣಗತೊಡಗಿತು. ಅನ್ನ ಸಾರು ಕಲಸಿ ತಿಂದ ದಿನ ಅವರು ನನ್ನನ್ನು ಕರೆಸಿ ತಟ್ಟೆ ತೋರಿಸಿದರು.

ಪ್ರಕರಣವನ್ನು ಭಾರತದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ವರದಿ ಮಾಡಿದೆ. 2010ರಲ್ಲಿ ಶುರುವಾದ, ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗ ನಡೆಸುವ ವ್ಯವಸ್ಥೆ ಇದು. ಔಷಧದಿಂದ ತೊಂದರೆಯಾಗಿದೆ ಎಂಬ ಅನುಮಾನವಿದ್ದರೆ ರೋಗಿಗಳೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಮ್ಮ ಭಂಡಾರದಲ್ಲಿ ಈಗ ಫೋಲಿನಿಕ್ ಆಮ್ಲ ಸದಾ ಇರುತ್ತದೆ. ಮೆಥೊಟ್ರೆಕ್ಸೇಟ್ ಬರೆಸಿಕೊಂಡು ಮನೆಗೆ ಹೋಗುವವರಿಗೆ ನಾಲ್ಕೇ ಗುಳಿಗೆ ಕೊಡುತ್ತೇವೆ, ಬೇರೆ ಬಣ್ಣದ ಲಕೋಟೆಯಲ್ಲಿ. "ನಿಮ್ಮೂರ ಸಂತೆ ಯಾವತ್ತು?" ಎಂದು ಕೇಳಿ ಆ ದಿನವನ್ನೇ ಲಕೋಟೆಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಯುತ್ತೇನೆ. ಓದು ಬಾರದವರಿಗೆ ಸಂತೆಯ ಚೀಲದ ಚಿತ್ರ. ಸಂತೆಯ ಮಾತು ಎಲ್ಲರಿಗೂ ತಕ್ಷಣ ಹಿಡಿಸುತ್ತದೆ. ಇದನ್ನು ಕಲಿಸಿದವಳು ಆ ಸೊಸೆ.

ಬಿಡುಗಡೆಯ ದಿನ ಅಮ್ಮ ಕೇಳಿದ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿರಲಿಲ್ಲ. ಮೆಥೊಟ್ರೆಕ್ಸೇಟ್ ಅವರಿಗೆ ಇನ್ನು ಬೇಡ ಎಂದು ತೀರ್ಮಾನವಾಗಿತ್ತು. ಡೈಕ್ಲೋಫೆನಾಕ್ ಕೂಡ ಬೇಡ. ಬದಲಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ 200 ಮಿಲಿಗ್ರಾಂ, ದಿನಾ ಒಂದು, ವರ್ಷ ವರ್ಷ ಕಣ್ಣಿನ ಪರೀಕ್ಷೆ. ಅದು ಗುಣ ತೋರಿಸಲು ಎರಡು ಮೂರು ತಿಂಗಳಾದರೂ ಬೇಕು ಎಂದು ವಿವರಿಸಿದೆ. ಊದಿದ ಬೆರಳುಗಳನ್ನು ಮುಂದೆ ಚಾಚಿ, "ಅಲ್ಲಿಯವರೆಗೆ ಈ ಕೈಗೆ ಏನು ಕೊಡುತ್ತೀಯವ್ವ?" ಎಂದರು. ನೋವು ಹೆಚ್ಚಾದಾಗ ಪ್ಯಾರಾಸಿಟಮಾಲ್, ಬೆಳಗ್ಗೆ ಬಿಸಿನೀರಿನ ಶಾಖ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಎಂದೆ. ಈ ಸಲ ನಾಟಿಗೆ ಹೋಗುವಂತಿಲ್ಲ ಎಂದೂ ಹೇಳಬೇಕಾಯಿತು. ಅವರು ಒಪ್ಪಲಿಲ್ಲ. ಹದಿನೈದು ದಿನ ಬಿಟ್ಟು ರಕ್ತ ಪರೀಕ್ಷೆಗೆ ಬಂದಾಗ ಮತ್ತೆ ಮಾತಾಡೋಣ ಎಂದು ತಾರೀಖು ಬರೆದುಕೊಟ್ಟೆ. ಬರುವಾಗ ಡಬ್ಬಿಯನ್ನೂ ತರಬೇಕು ಎಂದು ಸೊಸೆಗೆ ಹೇಳಿದೆ.