ಹತ್ತನೇ ಪ್ರಶ್ನೆ ಇನ್ಮೇಲೆ ಯಾರು ಕೇಳ್ತಾರೆ?

ಕಳೆದ ಭಾನುವಾರ ಮಂಡ್ಯದಲ್ಲಿ ಬೀಳ್ಕೊಡುಗೆ. ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದು ಸಣ್ಣದೊಂದು ಸಂಸ್ಥೆ ಕಟ್ಟಿ, ಹನ್ನೊಂದು ವರ್ಷ ಊರೂರು ತಿರುಗಿದ ಅಕ್ಕ ಜವಾಬ್ದಾರಿ ಬಿಡುತ್ತಿದ್ದಾರೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಊಟಕ್ಕೆ ಏಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಮದ್ದೂರು ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತರು.

"ಮೇಡಂ, ಹತ್ತನೇ ಪ್ರಶ್ನೇನ ಇನ್ಮೇಲೆ ಯಾರ್ ಕೇಳ್ತಾರೆ?"

ಅಕ್ಕ ಮೈಕ್ ಕೆಳಗಿಟ್ಟರು. "ನೀನೇ ಕೇಳ್ಬೇಕು ಕಣವ್ವ. ಇಷ್ಟ್ ದಿನ ನಾನೇ ಕೇಳಿದ್ದು ತಪ್ಪಾಯ್ತು."

ಎರಡು ಗಂಟೆಯ ಸಭೆಯಲ್ಲಿ ಕೆಲಸದ ಮಾತು ಇದೊಂದೇ. ಸಮಿತಿಯ ಹಿರಿಯರು ನಕ್ಕು, "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ" ಎಂದು ಊಟಕ್ಕೆ ಕರೆದರು. ಅವರು ಒಳ್ಳೆಯವರೇ. ಆದರೆ ಆಮೇಲೆ ನೋಡಿಕೊಳ್ಳುವ ವಿಷಯ ಇದಲ್ಲ.

ಬಾಣಂತಿಯ ಮನಸ್ಸು ಎಷ್ಟು ಕುಗ್ಗಿದೆ ಎಂದು ನೋಡಲು ಕೇಳುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿದ್ಧವಾದದ್ದು, ಕನ್ನಡದಲ್ಲೂ ಇದೆ. ಹಿಂದಿನ ಏಳು ದಿನ ಹೇಗಿತ್ತು ಎಂದು ಕೇಳುತ್ತದೆ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸುತ್ತೇವೆ, 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳುತ್ತೇವೆ. ಇದು ಕಾಯಿಲೆ ಇದೆ ಎಂದು ತೀರ್ಮಾನಿಸುವುದಿಲ್ಲ, ವಿಚಾರಿಸಿ ನೋಡಿ ಎಂದಷ್ಟೇ ಹೇಳುತ್ತದೆ. ಅಂಕ ಕೂಡುವಾಗ ಎಡವುವುದು ಒಂದು ಕಡೆ: 1, 2, 4ನೇ ಪ್ರಶ್ನೆಗಳಲ್ಲಿ ಮೇಲಿನ ಉತ್ತರಕ್ಕೆ 0, ಉಳಿದ ಏಳರಲ್ಲಿ ಮೇಲಿನ ಉತ್ತರಕ್ಕೆ 3. ಇದನ್ನು ಮರೆತರೆ ತೀರಾ ಕುಗ್ಗಿದ ತಾಯಿಯೂ ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತಾಳೆ.

ಹತ್ತನೆಯದು ತನ್ನ ಜೀವಕ್ಕೆ ತಾನೇ ತೊಂದರೆ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಎಂಬ ಪ್ರಶ್ನೆ. ಒಟ್ಟು ಅಂಕ 6 ಇದ್ದರೂ ಸರಿ, ಇಲ್ಲಿ 1 ಬಿತ್ತೆಂದರೆ ಅವತ್ತೇ ಕೂತು ಮಾತಾಡಬೇಕು. ಮೊದಮೊದಲು ಯಾರೋ ಅತ್ತೆಯ ಎದುರೇ ಇದನ್ನು ಕೇಳಿ, ಆ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಅಂದಿನಿಂದ ಅಕ್ಕ, "ಒಂಬತ್ತು ತುಂಬಿ ನಂಗೆ ಫೋನ್ ಮಾಡಿ, ಹತ್ತನೇದು ನಂಗೆ ಬಿಡಿ" ಎಂದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅಕ್ಕ ಮಳವಳ್ಳಿಯಲ್ಲೋ ಕೆ.ಆರ್. ಪೇಟೆಯಲ್ಲೋ ಇದ್ದಾಗ ಆ ಪ್ರಶ್ನೆ ಎರಡು ದಿನ ಬಾಕಿ ಉಳಿಯುತ್ತಿತ್ತು. ದಿನಾ ಮನೆ ಮನೆಗೆ ಹೋಗುವವರ ಬಾಯಿಗೆ ಅದು ಬರಲೇ ಇಲ್ಲ.

ಬಾಯಿಗೆ ಬರುವುದು ಅಂದರೆ ಸುಲಭವಲ್ಲ. ಹಾಳೆಯ 'ಹಾನಿ' ಅಂದರೆ ನಮ್ಮ ಕಡೆ ಬೆಳೆ ಹಾನಿ. ಮೈಸೂರಿನಲ್ಲಿ ಓದಿ ಬಂದ ಹೊಸ ಸಂಯೋಜಕಿ ಹುಡುಗಿ ಚುರುಕು, ಆದರೆ ಅವಳ ಪುಸ್ತಕದ ಕನ್ನಡ ಇಲ್ಲಿ ನಡೆಯುವುದಿಲ್ಲ. ಹಾಳೆಯಲ್ಲಿರುವುದನ್ನು ಇದ್ದ ಹಾಗೇ ಓದಿ, ಆಮೇಲೆ ಬಿಡಿಸಿ ಕೇಳಬೇಕು: "ಬದುಕಿರೋದೇ ಬ್ಯಾಡ ಅನ್ನಿಸ್ತದಾ? ಪ್ರಾಣ ಕಳ್ಕೊಳೋ ಯೋಚ್ನೆ ಬಂದಿತ್ತಾ?" ಹೆಚ್ಚಿನವರು ಕೇಳುವುದು, "ಅಂಥದ್ದೆಲ್ಲ ಏನೂ ಇಲ್ಲ ತಾನೆ?" ಎಂದು. ಆ 'ತಾನೆ'ಯಲ್ಲೇ ಉತ್ತರ ಇದೆ. ಬಾಣಂತಿ ಇಲ್ಲ ಅನ್ನುತ್ತಾಳೆ, ಕೇಳಿದವರಿಗೂ ನೆಮ್ಮದಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಹಾಗಾಗುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಅತ್ತು ಹಗುರಾಗುವವರೇ ಹೆಚ್ಚು.

ಅತ್ತೆಯನ್ನು ಆಚೆ ಕಳಿಸಲು ನೆಪ ಬೇಕು. ಮಗುವಿನ ತೂಕ ನೋಡುವಾಗ ತಾಯಿ ಕಾರ್ಡ್ ತರಲು ಹೇಳುವುದು, ಬಿಸಿನೀರು ಕೇಳುವುದು. ಹೌದು ಎಂಬ ಉತ್ತರ ಬಂದರೆ ಗಾಬರಿಯಾಗದೆ ಕೇಳಬೇಕಾದದ್ದು: ಕೊನೆಯ ಸಲ ಯಾವಾಗ ಅನ್ನಿಸಿತು, ಏನಾದರೂ ಮಾಡಿಕೊಳ್ಳಲು ಮನಸ್ಸು ಮಾಡಿದ್ದಿರಾ, ಹಿಂದೆ ಯಾವತ್ತಾದರೂ ಪ್ರಯತ್ನ ಆಗಿತ್ತಾ, ಇವತ್ತು ರಾತ್ರಿ ಜೊತೆಗೆ ಯಾರಿರುತ್ತಾರೆ. ಅವಳನ್ನು ಒಂಟಿಯಾಗಿ ಬಿಡಬಾರದು. ಗದ್ದೆಗೆ ತಂದ ಔಷಧಿ, ಮನೆಯ ಮಾತ್ರೆಗಳು ಅವಳ ಕೈಗೆ ಸಿಗದ ಕಡೆ ಹೋಗಬೇಕು. ಅವತ್ತೇ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೆ ಕಾಯುವುದು ಸಲ್ಲ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ನಿದ್ದೆಯೇ ಇಲ್ಲದೆ, ಸಂಬಂಧವಿಲ್ಲದ ಮಾತಾಡುತ್ತಾ, ಮನೆಯವರ ಮೇಲೇ ಅನುಮಾನ ಪಡುತ್ತಿದ್ದರೆ ಅದು ಹಿಂದಿನವರು ಬಾಣಂತಿ ಸನ್ನಿ ಎಂದು ಕರೆದದ್ದು. ಸಾವಿರ ಹೆರಿಗೆಗೆ ಒಂದೋ ಎರಡೋ, ಬಹುಮಟ್ಟಿಗೆ ಮೊದಲ ಎರಡು ವಾರದಲ್ಲೇ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಹೋಗುವ ಹೊತ್ತಲ್ಲ. ಪ್ರಶ್ನಾವಳಿ ತೆಗೆಯುವ ಹೊತ್ತೂ ಅಲ್ಲ. ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂದು ಮನೆಯವರು ಹೆದರುತ್ತಾರೆ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ ಇದೆ.

ಇಷ್ಟೂ ಅಕ್ಕನ ತಲೆಯಲ್ಲಿತ್ತು. ಮೊನ್ನೆ ಹಸ್ತಾಂತರಿಸಿದ್ದು ಬೀರುವಿನ ಕೀಲಿ, ರಬ್ಬರ್ ಸ್ಟಾಂಪು, ರಸೀದಿ ಪುಸ್ತಕ. ಬ್ಯಾಂಕಿಗೆ ಠರಾವಿನ ಪ್ರತಿ, ಹೊಸಬರ ಸಹಿ, ಕೆವೈಸಿ ಕೊಟ್ಟರಾಯಿತು. ಆಡಳಿತ ಮಂಡಳಿಯ ಹೊಸ ಪಟ್ಟಿ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ಆದಾಯ ತೆರಿಗೆ ಪೋರ್ಟಲ್‌ನ ಓಟಿಪಿ ಇನ್ನೂ ಅಕ್ಕನ ಮೊಬೈಲಿಗೇ ಬರುತ್ತದೆ, ಅದನ್ನು ಬದಲಿಸಬೇಕು. ಸಹಾಯವಾಣಿ ಎಂದು ಕರಪತ್ರಗಳಲ್ಲಿ ಅಚ್ಚಾದ ನಂಬರು ಅಕ್ಕನ ಆಧಾರ್ ಮೇಲೆ ತೆಗೆದ ಸಿಮ್. ಅದು ಸಂಸ್ಥೆಯ ಹೆಸರಿಗೆ ಬದಲಾಗದೆ ಹಾಗೇ ನಿಂತುಹೋದರೆ ಕರೆ ಮಾಡಿದ ತಾಯಿಗೆ ಏನು ಕೇಳಿಸುತ್ತದೆ? 'ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ.'

ಅಕ್ಕನ ನೋಟ್‌ಬುಕ್ಕುಗಳ ವಿಷಯವೇ ಬೇರೆ. ತಾಯಂದಿರು ಹೇಳಿಕೊಂಡದ್ದು ಅಕ್ಕನಿಗೆ, ಸಂಸ್ಥೆಗಲ್ಲ. ಅವರ ಒಪ್ಪಿಗೆಯಿಲ್ಲದೆ ಅದು ಹೊಸಬರ ಮೇಜಿಗೆ ಹೋಗಕೂಡದು. ಒಬ್ಬೊಬ್ಬರಿಗೂ ಅಕ್ಕನೇ ಕರೆ ಮಾಡಿ, ಹೊಸಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಿಚಯಿಸಬೇಕು. ಮುಂದಿನ ಸಲ ಹೊಸಬಳು ಮಾತಾಡಲಿ, ಅಕ್ಕ ಸುಮ್ಮನೆ ಕೇಳಿಸಿಕೊಳ್ಳಲಿ. ಅದರಾಚೆಗೆ ಅಕ್ಕ ಇರಬಾರದು. ತವರಿನಿಂದ ಗಂಡನ ಮನೆಗೆ ಹೊರಟವರನ್ನು ಈ ಪಟ್ಟಿಯಲ್ಲಿ ಮೊದಲು ಹಿಡಿಯಬೇಕು. ಮೂರನೆಯ ತಿಂಗಳಲ್ಲೋ ಐದರಲ್ಲೋ ಊರು ಬದಲಾಗುತ್ತದೆ, ಆಶಾ ಬದಲಾಗುತ್ತಾರೆ. 42ನೇ ದಿನದ ಭೇಟಿಯೊಂದಿಗೆ ಆಶಾ ಅವರ ಬಾಣಂತನದ ಭೇಟಿಗಳೂ ಮುಗಿದಿರುತ್ತವೆ. ಬಾಣಂತಿ ಕೈತಪ್ಪಿ ಹೋಗುವುದು ಅಲ್ಲೇ.

1987ರಲ್ಲೇ, ಆ ಪ್ರಶ್ನಾವಳಿ ಹೊರಬಂದ ವರ್ಷವೇ, ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ಜೇನ್ ಹಾನಿಕ್‌ಮನ್ ಎಂಬಾಕೆ ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್ ಶುರುಮಾಡಿದರು. ಇವತ್ತು ಅದು ದೊಡ್ಡ ಸಂಸ್ಥೆ. ಫೋನ್ ಎತ್ತುವವರು ಬೇರೆ ಬೇರೆ ಜನ, ಕರೆ ಮಾಡುವ ತಾಯಿಗೆ ಸಂಸ್ಥಾಪಕಿಯ ಹೆಸರೂ ಗೊತ್ತಿರಬೇಕಿಲ್ಲ. ಮಂಡ್ಯದಲ್ಲೂ ಹಾಗಾಗಬೇಕೆಂಬುದು ನನ್ನ ಹಂಬಲ, ಅಕ್ಕನ ಮೇಲೆ ಎಷ್ಟೇ ಗೌರವವಿದ್ದರೂ.

ನಮ್ಮಲ್ಲಿ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತಾರೆ. ಅವತ್ತು ಅಕ್ಕ ವೇದಿಕೆಯಿಂದ ಇಳಿಯುವಾಗಲೂ ಹಾಗೇ ಅಂದರು. ಸಭೆಗೆ ಅದು ಸರಿ. ಆದರೆ ಕುಗ್ಗಿದ ಬಾಣಂತಿ ಆ ಮಾತನ್ನು ನಂಬಿ ದಿನ ಎಣಿಸುತ್ತಾಳೆ, ಯಾರೂ ಬರದಿದ್ದಾಗ ತನ್ನದೇ ತಪ್ಪೆಂದುಕೊಳ್ಳುತ್ತಾಳೆ. ಅವಳಿಗೆ ನೇರವಾಗಿ ಹೇಳಬೇಕು: "ಇನ್ನು ನಾನು ಬರಲ್ಲ ಕಣವ್ವ. ನಿನ್ ಮೇಲೆ ಬೇಜಾರಾಗಿ ಅಲ್ಲ. ಇವಳು ಬರ್ತಾಳೆ."

ಊಟದ ಸಾಲಿನಲ್ಲಿ ಆ ಆಶಾ ಅಕ್ಕನ ಹಿಂದೆಯೇ ನಿಂತು, ಎಲೆ ಹಾಕುವವರೆಗೂ ಹತ್ತನೇ ಪ್ರಶ್ನೆಯನ್ನು ಮೆಲ್ಲಗೆ ಹೇಳಿ ನೋಡುತ್ತಿದ್ದರು. 'ತಾನೆ' ಬಂದಾಗಲೆಲ್ಲ ಅಕ್ಕ ತಲೆ ಅಲ್ಲಾಡಿಸುತ್ತಿದ್ದರು. ಈ ಗುರುವಾರ ಆ ಆಶಾ ಅವರ ಊರಿನ ಅಂಗನವಾಡಿಯಲ್ಲಿ ಲಸಿಕೆ. ಹದಿನಾಲ್ಕನೇ ವಾರದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಒಳಗಿನ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಸುವುದಾಗಿ ಅವರು ಹೇಳಿದ್ದಾರೆ.