ಬೈ ಆದಮೇಲೆ ಯಾರು?

ಒಂಬತ್ತನೇ ಇಯತ್ತೆಯಲ್ಲಿ ಪ್ಯಾಸಿವ್ ವಾಯ್ಸ್ ಶುರುವಾದ ದಿನ ನಮ್ಮ ಇಂಗ್ಲಿಷ್ ಸರ್ ಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ‘ಅವ್ವ ಮೇಕ್ಸ್ ರೊಟ್ಟಿ’ ಎಂದು ಬರೆದು, ರೊಟ್ಟಿಯಿಂದ ಮುಂದಕ್ಕೊಂದು, ಅವ್ವನಿಂದ ಹಿಂದಕ್ಕೊಂದು ಬಾಣ ಎಳೆದರು. ‘ರೊಟ್ಟಿ ಈಸ್ ಮೇಡ್ ಬೈ ಅವ್ವ.’ ನಾನು ನೋಟಬುಕ್ಕಿನಲ್ಲಿ ‘ಈಸ್ ಮೇಕ್ಸ್’ ಎಂದು ಬರೆದಿದ್ದೆ. ಸರ್ ಬಗ್ಗಿ ನೋಡಿ ಹೇಳಿದರು: “ಕಾಲ ಹೇಳೂದು ಈಸ್‌ನ ಕೆಲಸ, ತಮ್ಮಾ. ನಿನ್ನೆ ಮಾಡಿದ್ರ ವಾಸ್, ಈಗ ಮಾಡಾಕತ್ತಿದ್ರ ಈಸ್ ಬೀಯಿಂಗ್, ಮಾಡಿ ಮುಗಿಸಿದ್ರ ಹ್ಯಾಸ್ ಬೀನ್. ಮೇಡ್ ಮಾತ್ರ ಕುಂತ ಜಾಗಾ ಬಿಟ್ಟು ಏಳೂದಿಲ್ಲ.” ಆಮೇಲೆ ನನಗೆ ಅದು ಒಮ್ಮೆಯೂ ತಪ್ಪಲಿಲ್ಲ.

ಕನ್ನಡದ ತಾಸಿನಲ್ಲಿ ಇದನ್ನೇ ಕರ್ಮಣಿ ಪ್ರಯೋಗ ಎಂದು ಕಲಿತಿದ್ದೆವು. ಆದರೆ ‘ಅವ್ವನಿಂದ ರೊಟ್ಟಿ ಮಾಡಲ್ಪಟ್ಟಿತು’ ಎಂದು ಬಾಗಲಕೋಟೆಯ ಯಾವ ಮನೆಯಲ್ಲಿ ಅಂತಾರೆ? ನಮಗೆ ಕಷ್ಟವಾಗಿದ್ದು ಅಲ್ಲಿಯೇ.

ಮರುದಿನ ಸ್ವಂತ ವಾಕ್ಯ ತರಬೇಕಿತ್ತು. ನಾವು ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದು ಬಹಳ ದಿನ ಆಗಿರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ಹೊಳೆಗುಂಟ ನಮ್ಮ ಓಣಿಯವರೆಗೆ ಬಂದಿತ್ತು. ‘ಅವರ್ ಹೌಸ್ ವಾಸ್ ಸಬ್‌ಮರ್ಜ್ಡ್’ ಎಂದು ಓದಿದೆ. “ಬೈ?” ಎಂದರು ಸರ್. “ಬೈ ವಾಟರ್” ಅಂದೆ. “ಬೈ ಡ್ಯಾಮ್” ಅಂದ ಹಿಂದಿನ ಬೆಂಚಿನವ. ಅವರ ಮನೆಯೂ ಹೋಗಿತ್ತು. ಸರ್ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಬೋರ್ಡಿನ ಮೇಲೆ ನನ್ನ ವಾಕ್ಯ ಬರೆದು ಅಲ್ಲಿಗೇ ಪೂರ್ಣವಿರಾಮ ಇಟ್ಟರು. ಅದರ ಕೆಳಗೆ, 1964ರಲ್ಲಿ ಆಲಮಟ್ಟಿಯ ಅಡಿಗಲ್ಲು ‘ವಾಸ್ ಲೇಡ್ ಬೈ ಲಾಲ್ ಬಹಾದ್ದೂರ್ ಶಾಸ್ತ್ರಿ’ ಎಂದು ಬರೆದರು. “ಇಲ್ಲಿ ಬೈ ಬೇಕು, ಯಾರು ಇಟ್ಟರು ಅನ್ನೂದು ಹೇಳಬೇಕಾಗೇತಿ. ಮ್ಯಾಲಿನದರಾಗ ಮನಿ ಮೊದಲ ಬಂತು. ಅಷ್ಟ ಸಾಕು.” ಗೈಡುಗಳಲ್ಲಿ ಪ್ರತಿ ವಾಕ್ಯಕ್ಕೂ ಬೈ ಹಚ್ಚಿಸುತ್ತಾರೆ. ಅದನ್ನು ಬಿಡುವುದು ಯಾವಾಗ ಎಂಬುದೇ ಈ ಪಾಠದ ಜೀವ ಎಂದು ನನಗೆ ಇಂದಿಗೂ ಅನಿಸುತ್ತದೆ.

ಸಂಜೆ ಅವ್ವನಿಗೆ ವಾಕ್ಯದ ಅರ್ಥ ಹೇಳಿದೆ: “ನಮ್ಮ ಮನಿ ಮುಳುಗಿತು.” ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನತ್ತ ತಿರುಗಿದಳು. “ಮುಳುಗಲಿಲ್ಲಪಾ. ಮುಳುಗಿಸಿದ್ರು.”

ಮರುದಿನ ಅದನ್ನು ಸರ್‌ಗೆ ಹೇಳಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. “ಯಾರು ಅಂತ ಹೇಳದನ ‘ಮುಳುಗಿಸಿದ್ರು’. ನೋಡ್ರೋ, ನಮ್ಮ ಮಂದಿ ಮಾತಿನಾಗಿನ ಪ್ಯಾಸಿವ್ ಇದು” ಎಂದು ನನ್ನ ಇಂಗ್ಲಿಷ್ ವಾಕ್ಯವನ್ನು ಮತ್ತೆ ಬರೆದು, ಅದರ ಮಗ್ಗುಲಿಗೆ ಅವ್ವನ ಮಾತನ್ನು ಕನ್ನಡದಲ್ಲೇ ಬರೆದರು. ಮುಂದಿನ ತಾಸಿನ ಗಣಿತದ ಸರ್ ಬಂದು ಒರೆಸುವ ತನಕ ಅದು ಬೋರ್ಡಿನ ಮೇಲೆ ಇತ್ತು.